ಕಾಲಿನ ಹರಡು ಊದಿಕೊಂಡಾಗ: ಮನೆಯ ಆರೈಕೆ ಎಲ್ಲಿಯವರೆಗೆ, ಫಿಸಿಯೋಥೆರಪಿ ಏತಕ್ಕೆ?

ಆಷಾಢ ಬಂತೆಂದರೆ ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರ ಸಂಖ್ಯೆ ಹೆಚ್ಚುತ್ತದೆ. ವರ್ಷವಿಡೀ ಕುರ್ಚಿಯಲ್ಲಿ ಕುಳಿತು ದುಡಿದವರು, ಬೀದಿ ಕೊನೆಯ ಅಂಗಡಿಗೂ ಸ್ಕೂಟರಿನಲ್ಲೇ ಹೋಗಿಬರುವವರು, ಹರಕೆ ಹೊತ್ತ ಹಿರಿಯರು, ಎಲ್ಲರೂ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಹಾಕಿಸಿದ ಆ ಸಾವಿರ ಮೆಟ್ಟಿಲನ್ನು ಒಂದೇ ಬೆಳಗ್ಗೆ ಹತ್ತಿ ಇಳಿಯುತ್ತಾರೆ. ಅದೇ ದಿನಗಳಲ್ಲಿ ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆ ಗದ್ದೆಯ ಬದುಗಳು ಮಳೆಗೆ ನೆನೆದು ಜಾರತೊಡಗುತ್ತವೆ. ಮರುದಿನ ಬೆಳಗ್ಗೆ ಪಾದ ಊರಲಾಗದೆ, ಊದಿಕೊಂಡ ಕಾಲನ್ನು ನೋಡುತ್ತಾ ಮಂಚದ ಮೇಲೆ ಕುಳಿತವರ ಮುಂದೆ ನೂರೆಂಟು ಸಲಹೆಗಳು ಬಂದು ಬೀಳುತ್ತವೆ: ಐಸ್ ಇಡು, ಶಾಖ ಕೊಡು, ನೀವಿಸಿಕೋ, ಅಲ್ಲಾಡಿಸಬೇಡ, ನಡೆದರೆ ಸರಿಹೋಗುತ್ತದೆ. ಇವುಗಳಲ್ಲಿ ಯಾವುದು ಯಾವ ಹೊತ್ತಿಗೆ ಸರಿ ಎಂಬುದನ್ನು ತಿಳಿಯಲು ಕೀಲಿನೊಳಗೆ ಏನಾಗುತ್ತದೆ ಎಂಬುದರಿಂದಲೇ ಆರಂಭಿಸಬೇಕು.

ಹರಡು ಎಂದರೆ ಯಾವುದು?

ಕಾಲೂ ಪಾದವೂ ಸೇರುವ ಕಡೆ ಎರಡು ಪಕ್ಕದಲ್ಲೂ ಗಿಣ್ಣು ಎದ್ದಿರುವ ಜಾಗವನ್ನು ಕೆಲವರು ಹರಡು ಎನ್ನುತ್ತಾರೆ, ಕೆಲವರು ಕಣಕಾಲು ಎನ್ನುತ್ತಾರೆ, ಈಗ ಬಹಳ ಮಂದಿ ಆಂಕಲ್ ಎಂದೇ ಹೇಳುತ್ತಾರೆ. ಈ ಲೇಖನದಲ್ಲಿ ಹರಡು ಎಂಬ ಪದವನ್ನೇ ಬಳಸಿದ್ದೇನೆ.

ಮೊಣಕಾಲಿನಿಂದ ಇಳಿದು ಬರುವ ಎರಡು ಎಲುಬುಗಳ ತುದಿಗಳು ಇಲ್ಲಿ ಇಕ್ಕಳದ ಎರಡು ಬಾಯಿಯಂತೆ ನಿಂತು, ಪಾದದ ಮೇಲ್ತುದಿಯ ಒಂದು ಎಲುಬನ್ನು ನಡುವೆ ಹಿಡಿದುಕೊಂಡಿರುತ್ತವೆ. ಆ ನಡುವಿನ ಎಲುಬಿಗೆ ಟೇಲಸ್ ಎಂದು ಹೆಸರು. ಎಲುಬಿಗೆ ಎಲುಬನ್ನು ಬಿಗಿಯುವ ನಾರಿನ ಪಟ್ಟಿಗಳೇ ಲಿಗಮೆಂಟುಗಳು. ಊರುಗಳಲ್ಲಿ 'ನರ ಹೊರಳಿದೆ' ಎನ್ನುವಾಗ ಸಾಮಾನ್ಯವಾಗಿ ಎಳೆದುಕೊಂಡಿರುವುದು ನರವಲ್ಲ, ಈ ಪಟ್ಟಿಗಳು. ಒಳಪಕ್ಕದ ಪಟ್ಟಿ ಅಗಲವಾಗಿ ಗಟ್ಟಿಯಾಗಿದೆ. ಹೊರಪಕ್ಕದಲ್ಲಿರುವ ಮೂರು ಪಟ್ಟಿಗಳು ಅದಕ್ಕಿಂತ ತೆಳು. ಪಾದ ಒಳಮುಖವಾಗಿ ಮಗುಚಿದಾಗ ಈ ಹೊರಪಕ್ಕದವೇ, ಅದರಲ್ಲೂ ಮುಂದಿನ ಪಟ್ಟಿಯೇ ಮೊದಲು ಹರಿಯುತ್ತದೆ.

ಹತ್ತುವಾಗ ಏನೂ ಆಗದೆ ಇಳಿಯುವಾಗಲೇ ಕಾಲು ಹೊರಳುವುದಕ್ಕೂ ಇಲ್ಲೇ ಕಾರಣವಿದೆ. ಟೇಲಸ್ ಎಲುಬು ಮುಂದೆ ಅಗಲ, ಹಿಂದೆ ಕಿರಿದು. ಪಾದದ ಮುಂಭಾಗ ಮೇಲಕ್ಕೆ ಬಾಗಿದಾಗ ಅಗಲವಾದ ಭಾಗ ಇಕ್ಕಳದೊಳಗೆ ಕೂತು ಕೀಲು ಬಿಗಿಯಾಗಿರುತ್ತದೆ. ಮೆಟ್ಟಿಲು ಇಳಿಯಲು ಬೆರಳ ತುದಿಯನ್ನು ಕೆಳಕ್ಕೆ ಚಾಚಿದಾಗ ಕಿರಿದಾದ ಭಾಗ ಅಲ್ಲಿಗೆ ಬಂದು ಕೀಲು ಸಡಿಲವಾಗುತ್ತದೆ, ಮತ್ತು ಆ ಸಡಿಲ ಕ್ಷಣದಲ್ಲಿ ಇಡೀ ಮೈಭಾರ ಒಂದೇ ಪಾದದ ಮೇಲೆ ಇಳಿಯುತ್ತದೆ. ಎತ್ತರ ತಗ್ಗಿನ ಕಲ್ಲು, ದಣಿದ ಮೀನಖಂಡ, ಸವೆದ ಚಪ್ಪಲಿ ಜೊತೆಗೂಡಿದರೆ ಮುಂದಿನದನ್ನು ಹೇಳಬೇಕಿಲ್ಲ.

ಊತ ಬರುವುದೇಕೆ?

ಕೆಂಪು, ಊತ, ಕಾವು, ನೋವು ಎಂಬ ನಾಲ್ಕು ಲಕ್ಷಣಗಳನ್ನು ಒಟ್ಟಾಗಿ ಉರಿಯೂತ ಎನ್ನುತ್ತಾರೆ. ಸುಮಾರು 2000 ವರ್ಷಗಳ ಹಿಂದೆಯೇ ರೋಮನ್ ಲೇಖಕ ಸೆಲ್ಸಸ್ ಇವನ್ನು ಪಟ್ಟಿ ಮಾಡಿದ್ದ. ಪೆಟ್ಟಾದ ಜಾಗದ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ಅವುಗಳ ಗೋಡೆಯಿಂದ ದ್ರವ ಹೊರಕ್ಕೆ ಜಿನುಗುತ್ತದೆ, ಹರಿದ ಚೂರುಗಳನ್ನು ತೆಗೆದುಹಾಕಲು ಬಿಳಿ ರಕ್ತಕಣಗಳು ಅಲ್ಲಿಗೆ ಬರುತ್ತವೆ. ಇದು ರಿಪೇರಿಯ ಮೊದಲ ಹಂತ. ಇದಾಗದೆ ಹರಿದ ನಾರು ಕೂಡುವುದಿಲ್ಲ. ತೊಂದರೆಯಾಗುವುದು ಗದ್ದೆಗೆ ನೀರು ಬರುವ ಬಾಯಿ ತೆರೆದೇ ಇದ್ದು, ಹೊರಹೋಗುವ ಬಾಯಿ ಕಟ್ಟಿಕೊಂಡಾಗ. ಹರಡು ದೇಹದ ತಗ್ಗಿನಲ್ಲಿರುವುದರಿಂದ ಅಲ್ಲಿ ಸೇರಿದ ದ್ರವ ತಾನಾಗಿ ಮೇಲೇರದು. ಅದನ್ನು ಮೇಲಕ್ಕೆ ಒತ್ತುವುದು ಮೀನಖಂಡದ ಸ್ನಾಯು, ಮತ್ತು ಆ ಸ್ನಾಯು ಕೆಲಸ ಮಾಡಬೇಕಾದರೆ ಪಾದ ಆಡಬೇಕು. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮುಂದೆ ಹೇಳುವ ಹೆಚ್ಚಿನ ಸಲಹೆಗಳ ಕಾರಣ ತಾನಾಗಿಯೇ ತಿಳಿಯುತ್ತದೆ.

ಹರಿದ ನಾರು ಕೂಡುವುದಕ್ಕೆ ತನ್ನದೇ ಕಾಲಕ್ರಮವಿದೆ. ಮೊದಲ ಕೆಲವು ದಿನ ಉರಿಯೂತ. ನಂತರದ ಕೆಲವು ವಾರ ಹೊಸ ನಾರು ಬೆಳೆಯುವ ಹೊತ್ತು. ಆಮೇಲೆ ತಿಂಗಳುಗಟ್ಟಲೆ ಆ ನಾರು ಗಟ್ಟಿಯಾಗುವ ಹೊತ್ತು. ಹೊಸದಾಗಿ ಬೆಳೆದ ನಾರು ಸಿಕ್ಕುಸಿಕ್ಕಾದ ತೆಂಗಿನ ನಾರಿನಂತೆ ಅಡ್ಡಾದಿಡ್ಡಿ ಇರುತ್ತದೆ. ಹದವಾಗಿ ಎಳೆತ ಬಿದ್ದಂತೆಲ್ಲ ಅದು ಎಳೆತದ ದಿಕ್ಕಿಗೆ ಹೊಂದಿಕೊಂಡು ಹೊಸೆದ ಹಗ್ಗದಂತಾಗುತ್ತದೆ. ಊತ ಇಳಿದ ದಿನವೇ ವಾಸಿಯಾಯಿತೆಂದು ಬಿಟ್ಟುಬಿಟ್ಟರೆ ಹಗ್ಗ ಹೊಸೆಯುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಎಲ್ಲ ಊತವೂ ಉಳುಕಲ್ಲ

ಕಾಲು ಹೊರಳಿದ ನೆನಪೇ ಇಲ್ಲದೆ ಹರಡು ಊದಿದ್ದರೆ ಮನೆಮದ್ದಿಗೆ ಮೊದಲು ಕಾರಣ ಹುಡುಕಬೇಕು. ರಾತ್ರಿ ಮಲಗಿದಾಗ ಏನೂ ಇಲ್ಲದೆ ಬೆಳಗಿನ ಜಾವ ಹೊದಿಕೆ ತಾಗಿದರೂ ತಡೆಯಲಾಗದಷ್ಟು ನೋವು ಬಂದರೆ ಅದು ಗೌಟ್ ಇರಬಹುದು. ರಕ್ತದಲ್ಲಿ ಹೆಚ್ಚಾದ ಯೂರಿಕ್ ಆಮ್ಲ ಹರಳುಗಟ್ಟಿ ಕೀಲಿನಲ್ಲಿ ಕೂತಾಗ ಹೀಗಾಗುತ್ತದೆ. ಹೆಚ್ಚಾಗಿ ಹೆಬ್ಬೆರಳಿನ ಬುಡದಲ್ಲಿ ಕಾಣಿಸಿದರೂ ಹರಡಿಗೂ ಬರುತ್ತದೆ. ದಾಳಿಯ ದಿನ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಯೂರಿಕ್ ಆಮ್ಲ ಸರಿಯಾಗಿಯೇ ಕಾಣಬಹುದು, ಆದ್ದರಿಂದ ಒಂದು ವರದಿ ನೋಡಿ ಗೌಟ್ ಇಲ್ಲವೆಂದು ತೀರ್ಮಾನಿಸಬಾರದು. ಎರಡೂ ಕಾಲಿನ, ಕೈಬೆರಳಿನ ಕೀಲುಗಳೂ ಜೊತೆಗೆ ಊದಿ, ಬೆಳಗ್ಗೆ ಎದ್ದ ಮೇಲೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿತ ಬಿಡದಿದ್ದರೆ ರುಮಟಾಯ್ಡ್ ಸಂಧಿವಾತದ ಸಂಶಯ ಬರುತ್ತದೆ. ಮಂಡಿಯ ಸವೆತಕ್ಕೆ ವಯಸ್ಸು ದೊಡ್ಡ ಕಾರಣವಾದರೆ, ಹರಡಿನ ಸವೆತದ ಹಿಂದೆ ಬಹುಪಾಲು ಹಳೆಯ ಮುರಿತವೋ ಮತ್ತೆ ಮತ್ತೆ ಆದ ಉಳುಕೋ ಇರುತ್ತದೆ.

ನಮ್ಮ ಕಡೆಯವರಿಗೆ ಚಿಕೂನ್‌ಗುನ್ಯಾದ ನೆನಪಿದೆ. 2006ರಲ್ಲಿ ಅದು ಹರಡಿದಾಗ ದೇಶದಲ್ಲಿ ಹೆಚ್ಚು ನರಳಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಜ್ವರ ವಾರದಲ್ಲಿ ಬಿಟ್ಟರೂ ಹರಡು, ಮಣಿಕಟ್ಟು, ಬೆರಳುಗಳ ನೋವು ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯಿತು. ಮಳೆಗಾಲದಲ್ಲಿ ಜ್ವರದೊಂದಿಗೆ ಕೀಲು ನೋವು ಬಂದರೆ ಅದು ಡೆಂಗಿಯೂ ಇರಬಹುದು. ಡೆಂಗಿಯಲ್ಲಿ ರಕ್ತಸ್ರಾವದ ಅಪಾಯ ಇರುವುದರಿಂದ, ಅದು ಅಲ್ಲವೆಂದು ಖಚಿತವಾಗುವ ತನಕ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಮಾತ್ರೆಗಳನ್ನು ಮುಟ್ಟಬಾರದು.

ಕೆಲವು ಸಂದರ್ಭಗಳಲ್ಲಿ ಕಾಯುವುದೇ ತಪ್ಪು. ಹರಡು ಕೆಂಪಾಗಿ ಬಿಸಿಯಾಗಿ, ಮೈಗೆ ಜ್ವರ ಬಂದು, ಕೀಲನ್ನು ಸ್ವಲ್ಪವೂ ಆಡಿಸಲಾಗದಿದ್ದರೆ ಕೀಲಿನೊಳಗೆ ಸೋಂಕು ಆಗಿರಬಹುದು. ಅದು ಕೆಲವೇ ದಿನಗಳಲ್ಲಿ ಕೀಲಿನ ಮೃದ್ವಸ್ಥಿಯನ್ನು ಹಾಳುಮಾಡುತ್ತದೆ. ಬಹಳ ವರ್ಷಗಳ ಸಕ್ಕರೆ ಕಾಯಿಲೆ ಇರುವವರ ಪಾದ ಕೆಂಪಗೆ ಬಿಸಿಯಾಗಿ ಊದಿದ್ದು, ಅಷ್ಟು ಊತಕ್ಕೆ ತಕ್ಕ ನೋವೇ ಇಲ್ಲದಿದ್ದರೆ ಅದು ಶಾರ್ಕೋ ಪಾದ ಎಂಬ ಸ್ಥಿತಿಯಿರಬಹುದು. ನೋವಿಲ್ಲವೆಂದು ನಡೆಯುತ್ತ ಹೋದರೆ ಪಾದದ ಎಲುಬುಗಳೇ ಕುಸಿಯುತ್ತವೆ. ಹಾಗೆಯೇ, ಒಂದು ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಅದರಲ್ಲೂ ಆಪರೇಷನ್ ಆದ ಮೇಲೆ, ಪ್ಲಾಸ್ಟರ್ ಹಾಕಿದ ಮೇಲೆ ಅಥವಾ ಬಹುಕಾಲ ಹಾಸಿಗೆ ಹಿಡಿದಿದ್ದರೆ, ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆಯಿದೆ. ಅಂಥ ಕಾಲನ್ನು ನೀವಲೇಬಾರದು. ಹೆಪ್ಪು ಕದಲಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೆ ಸಂಚಕಾರ. ಈ ಮೂರಕ್ಕೂ ಅಂದೇ ಆಸ್ಪತ್ರೆಗೆ ಹೋಗಬೇಕು. ಎರಡೂ ಕಾಲು ನೋವಿಲ್ಲದೆ ಊದಿ, ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿದ್ದರೆ ದೋಷ ಕೀಲಿನದಲ್ಲ. ಹೃದಯ, ಮೂತ್ರಪಿಂಡ, ಯಕೃತ್ತನ್ನು ಪರೀಕ್ಷಿಸಬೇಕು. ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆಯಿಂದಲೂ ಹಾಗೆ ಆಗುತ್ತದೆ.

ಎಲುಬು ಮುರಿದಿದೆಯೇ ಎಂದು ತಿಳಿಯುವುದು ಹೇಗೆ?

ಊತ ಎಷ್ಟಿದೆ ಎಂಬುದರಿಂದ ಇದು ತಿಳಿಯುವುದಿಲ್ಲ. ಬರೀ ಉಳುಕಿಗೇ ಪಾದ ಹಲಸಿನ ಕಾಯಿಯಂತೆ ಊದಬಹುದು, ಸಣ್ಣ ಮುರಿತಕ್ಕೆ ಊತ ಕಡಿಮೆ ಇರಬಹುದು. ಕೆನಡಾದ ಒಟ್ಟಾವ ನಗರದ ವೈದ್ಯರು 1992ರಲ್ಲಿ ಪ್ರಕಟಿಸಿದ ಸರಳ ನಿಯಮವನ್ನು ಇಂದು ಜಗತ್ತಿನ ಅನೇಕ ಆಸ್ಪತ್ರೆಗಳಲ್ಲಿ ಅನುಸರಿಸುತ್ತಾರೆ. ಹರಡಿನಲ್ಲಿ ನೋವಿದ್ದು, ಗಿಣ್ಣುಗಳ ತುದಿಯನ್ನೋ ಹಿಂಬದಿಯ ಅಂಚನ್ನೋ ಒತ್ತಿದಾಗ ಎಲುಬೇ ನೋಯುತ್ತಿದ್ದರೆ ಎಕ್ಸ್‌ರೇ ಬೇಕು. ಪೆಟ್ಟಾದ ಕೂಡಲೂ, ಪರೀಕ್ಷೆಯ ಹೊತ್ತಿನಲ್ಲೂ ಕುಂಟುತ್ತಲಾದರೂ ನಾಲ್ಕು ಹೆಜ್ಜೆ ಹಾಕಲಾಗದಿದ್ದರೆ ಬೇಕು. ಪಾದದ ಹೊರ ಅಂಚಿನ ನಡುಭಾಗದಲ್ಲಿ ಎದ್ದಿರುವ ಎಲುಬು, ಅಥವಾ ಒಳಪಕ್ಕದಲ್ಲಿ ಗಿಣ್ಣಿಗಿಂತ ಸ್ವಲ್ಪ ಮುಂದಿರುವ ಎಲುಬು ಒತ್ತಿದರೆ ನೋಯುತ್ತಿದ್ದರೂ ಬೇಕು. ಇವು ಯಾವುವೂ ಇಲ್ಲದಿದ್ದರೆ ಮುರಿತದ ಸಾಧ್ಯತೆ ತೀರಾ ಕಡಿಮೆ. ಚಿಕ್ಕ ಮಕ್ಕಳು, ಪಾದದಲ್ಲಿ ಸ್ಪರ್ಶ ಕಡಿಮೆಯಾದ ಮಧುಮೇಹಿಗಳು, ಕುಡಿದ ಮತ್ತಿನಲ್ಲಿ ಬಿದ್ದವರು ನೋವನ್ನು ಸರಿಯಾಗಿ ಹೇಳಲಾರರು. ಅವರಿಗೆ ಈ ನಿಯಮವನ್ನು ನೆಚ್ಚಬಾರದು. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್‌ನಂಥ ಸರ್ಕಾರಿ ಬೋಧನಾ ಆಸ್ಪತ್ರೆಗಳಲ್ಲಿ ಮೂಳೆ ವಿಭಾಗವಿದೆ. ಎಕ್ಸ್‌ರೇಗೆ ಮೊದಲು ಯಾರ ಕೈಯಲ್ಲೂ ಕಾಲನ್ನು ಎಳೆಸಿಕೊಳ್ಳದೆ ನೇರವಾಗಿ ಅಲ್ಲಿಗೆ ಹೋಗುವುದು ಕ್ಷೇಮ.

ಮೊದಲ ಮೂರು ದಿನ

ವಿಶ್ರಾಂತಿ, ಐಸ್, ಒತ್ತುಪಟ್ಟಿ, ಕಾಲು ಎತ್ತಿಡುವುದು ಎಂಬ ನಾಲ್ಕು ಕ್ರಮಗಳನ್ನು ಸೇರಿಸಿ 'ರೈಸ್' ಎಂಬ ಹೆಸರನ್ನು 1978ರಲ್ಲಿ ಬಳಕೆಗೆ ತಂದವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ಪೂರ್ಣ ವಿಶ್ರಾಂತಿ ಮತ್ತು ಅತಿಯಾದ ಐಸ್ ಎರಡೂ ವಾಸಿಯಾಗುವುದನ್ನು ತಡಮಾಡಬಹುದೆಂದು 2014ರಲ್ಲಿ ಹೇಳಿದವರೂ ಅವರೇ. ಈಗಿನ ತಿಳಿವಳಿಕೆಯ ಪ್ರಕಾರ ಐಸ್ ನೋವು ಕಡಿಮೆ ಮಾಡುವ ಸಾಧನವಷ್ಟೆ. ನೋವು ತಡೆಯಬಲ್ಲಷ್ಟಿದ್ದರೆ ಅದಿಲ್ಲದೆಯೂ ನಡೆಯುತ್ತದೆ. ಇಡುವುದಾದರೆ ತೆಳುವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ 10ರಿಂದ 15 ನಿಮಿಷ, ಎರಡು ಮೂರು ಗಂಟೆಗೊಮ್ಮೆ. ಚರ್ಮಕ್ಕೆ ನೇರವಾಗಿ ತಾಗಿಸಬಾರದು. ಪಾದ ಮರಗಟ್ಟಿರುವ ಮಧುಮೇಹಿಗಳಿಗೆ ಐಸೂ ಬೇಡ, ಬಿಸಿ ಶಾಖವೂ ಬೇಡ. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ಐಸಿಗಿಂತ ಹೆಚ್ಚು ಕೆಲಸ ಮಾಡುವವು ಉಳಿದೆರಡು. ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಬುಡದಿಂದ ಆರಂಭಿಸಿ, ಹಿಮ್ಮಡಿಯನ್ನು ಬಳಸಿ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ ಮೇಲಕ್ಕೆ ಸುತ್ತಬೇಕು. ಹರಡಿನ ಮೇಲೆ ಮಾತ್ರ ಬಿಗಿದರೆ ಊತ ಪಾದಕ್ಕೆ ಇಳಿಯುತ್ತದೆ. ಸುತ್ತಿದ ಮೇಲೆ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಡಿ; ಬಿಳಿಚಿದ ಉಗುರು ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗದಿದ್ದರೆ, ಬೆರಳು ಜೋಮು ಹಿಡಿದರೆ ಪಟ್ಟಿ ಬಿಗಿಯಾಯಿತೆಂದು ಅರ್ಥ. ಮಲಗುವಾಗ ಅದನ್ನು ಬಿಚ್ಚಿಡಬೇಕು. ಕಾಲನ್ನು ಎತ್ತಿಡುವುದೆಂದರೆ ಕುರ್ಚಿಯಲ್ಲಿ ಕುಳಿತು ಎದುರಿನ ಸ್ಟೂಲಿನ ಮೇಲಿಡುವುದಲ್ಲ. ಮಲಗಿಕೊಂಡು, ಎರಡು ಮೂರು ದಿಂಬುಗಳ ಮೇಲೆ ಪಾದ ಎದೆಯ ಮಟ್ಟಕ್ಕಿಂತ ಮೇಲಿರುವಂತೆ ಇಡಬೇಕು.

ಇದೇ ಹೊತ್ತಿನಲ್ಲಿ ಗಂಟೆಗೊಮ್ಮೆ ಪಾದವನ್ನು ನಿಧಾನವಾಗಿ ಮೇಲಕ್ಕೆ, ಕೆಳಕ್ಕೆ 10ರಿಂದ 15 ಸಲ ಆಡಿಸಬೇಕು. ಮೀನಖಂಡ ಒಂದೊಂದು ಸಲ ಬಿಗಿದಾಗಲೂ ಸ್ವಲ್ಪ ಸ್ವಲ್ಪ ದ್ರವ ಮೇಲಕ್ಕೆ ಹೋಗುತ್ತದೆ. ಪಕ್ಕಕ್ಕೆ ಮಗುಚುವುದು ಮಾತ್ರ ಈಗಲೇ ಬೇಡ. ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸಾಕು. ಮೂತ್ರಪಿಂಡದ ತೊಂದರೆ, ಹೊಟ್ಟೆ ಹುಣ್ಣು, ಹೃದ್ರೋಗ ಇರುವವರು ಮೆಡಿಕಲ್ ಶಾಪಿನಿಂದ ತಾವಾಗಿಯೇ ಬೇರೆ ನೋವಿನ ಮಾತ್ರೆ ತಂದು ನುಂಗುವುದು ಅಪಾಯಕರ.

ಎಣ್ಣೆ, ಶಾಖ, ನೀವುವುದು

ಉಳುಕು ನೀವುವವರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ, ಅವರ ಕೈಗುಣವನ್ನು ನಂಬುವ ಮನೆಗಳೂ ಇವೆ. ಇಲ್ಲಿ ನೋಡಬೇಕಾದದ್ದು ಹೊತ್ತನ್ನು. ಮೊದಲ ಎರಡು ಮೂರು ದಿನ ಒಳಗೆ ರಕ್ತ, ದ್ರವ ಇನ್ನೂ ಜಿನುಗುತ್ತಿರುತ್ತದೆ. ಆಗ ಬಲವಾಗಿ ನೀವಿದರೂ ಬಿಸಿ ಶಾಖ ಕೊಟ್ಟರೂ ಸೋರಿಕೆ ಹೆಚ್ಚುತ್ತದೆ. ಕಾವು ಇಳಿದು ಬಿಗಿತ ಮಾತ್ರ ಉಳಿದ ಮೇಲೆ ಲಕ್ಕಿ ಸೊಪ್ಪು ಹಾಕಿ ಕಾಯಿಸಿದ ಬೆಚ್ಚನೆಯ ನೀರಿನ ಶಾಖ, ಹಗುರ ಕೈಯ ಎಣ್ಣೆ ನೀವಿಕೆ ಸ್ನಾಯುಗಳನ್ನು ಸಡಿಲಿಸಿ ವ್ಯಾಯಾಮಕ್ಕೆ ಅನುಕೂಲ ಮಾಡಿಕೊಡುತ್ತವೆ. ಎಕ್ಕದ ಎಲೆ ಕಟ್ಟುವಾಗ ಅದರ ಹಾಲು ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳಬಹುದು, ಕಣ್ಣಿಗಂತೂ ತಾಗಲೇಬಾರದು. 'ಲಟಕ್' ಎಂದು ಶಬ್ದ ಬರುವಂತೆ ಕಾಲನ್ನು ಎಳೆಯುವುದು ಯಾವ ಹೊತ್ತಿನಲ್ಲೂ ಬೇಡ. ಅರ್ಧ ಹರಿದ ಲಿಗಮೆಂಟ್ ಪೂರ್ತಿ ಹರಿಯುವುದು ಹಾಗೆಯೇ.

ಫಿಸಿಯೋಥೆರಪಿಯಲ್ಲಿ ನಡೆಯುವುದೇನು?

'ಫಿಸಿಯೋಗೆ ಹೋಗಿ ಕರೆಂಟ್ ಕೊಡಿಸಿಕೊಂಡು ಬಂದೆ' ಎಂಬ ಮಾತನ್ನು ಎಲ್ಲರೂ ಕೇಳಿರುತ್ತೇವೆ. ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಹಾಯಿಸುವ ಆ ಸಣ್ಣ ವಿದ್ಯುತ್ತು ನೋವಿನ ಸಂಕೇತಗಳನ್ನು ಸ್ವಲ್ಪ ಹೊತ್ತು ಮಂಕಾಗಿಸುತ್ತದೆ. ಶಬ್ದತರಂಗ ಹಾಯಿಸುವ ಅಲ್ಟ್ರಾಸೌಂಡ್ ಚಿಕಿತ್ಸೆಯಿಂದ ಹೊಸ ಉಳುಕಿಗೆ ಹೇಳಿಕೊಳ್ಳುವಂಥ ಲಾಭ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಯಂತ್ರಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಹತ್ತು ದಿನ ಯಂತ್ರದ ಮುಂದೆ ಮಲಗಿ, ಮನೆಗೆ ಬರೆದುಕೊಟ್ಟ ವ್ಯಾಯಾಮದ ಚೀಟಿಯನ್ನು ಮಡಚಿಟ್ಟು ಬರುವವರನ್ನು ಕಂಡಾಗ ಸಂಕಟವಾಗುತ್ತದೆ. ಚಿಕಿತ್ಸೆಯ ತಿರುಳು ಇರುವುದು ಆ ಚೀಟಿಯಲ್ಲೇ. ಫಿಸಿಯೋಥೆರಪಿಸ್ಟ್ ಯಾವ ಪಟ್ಟಿಗೆ ಎಷ್ಟು ಪೆಟ್ಟಾಗಿದೆ ಎಂದು ಪರೀಕ್ಷಿಸಿ, ಬಿಗಿದ ಕೀಲನ್ನು ಕೈಯಿಂದ ಹದವಾಗಿ ಸಡಿಲಿಸಿ, ಯಾವ ವಾರ ಯಾವ ವ್ಯಾಯಾಮ ಎಂದು ನಿರ್ಧರಿಸುತ್ತಾರೆ.

ಮೊದಲು ಮರಳಬೇಕಾದದ್ದು ಚಲನೆ. ಇದಕ್ಕೆ ಇಂಗ್ಲಿಷಿನ ದೊಡ್ಡಕ್ಷರಗಳನ್ನು ಹೆಬ್ಬೆರಳಿನಿಂದ ಗಾಳಿಯಲ್ಲಿ ಬರೆಯಲು ಹೇಳುವ ರೂಢಿಯಿದೆ. ಅದಕ್ಕಿಂತ ನಮ್ಮ ಅಕ್ಷರಮಾಲೆಯೇ ಲೇಸು ಎನ್ನಿಸುತ್ತದೆ: ಅ, ಆ, ಇ, ಈ ಎಂದು ಬರೆಯುತ್ತ ಹೋದರೆ ಕನ್ನಡ ಅಕ್ಷರಗಳ ಸುತ್ತು ಬಳಸುಗಳು ಕೀಲನ್ನು ಎಲ್ಲ ದಿಕ್ಕಿಗೂ ತಿರುಗಿಸುತ್ತವೆ. ಬರೆಯುವಾಗ ಮಂಡಿ ಅಲ್ಲಾಡದೆ ಪಾದ ಮಾತ್ರ ಆಡಬೇಕು. ಜೊತೆಗೆ ಕಾಲು ನೀಡಿ ಕುಳಿತು, ಅಂಗಾಲಿಗೆ ಟವೆಲ್ ಹಾಕಿ ಎರಡೂ ತುದಿ ಹಿಡಿದು ಮೈಕಡೆಗೆ ಎಳೆದು 20ರಿಂದ 30 ಸೆಕೆಂಡ್ ಹಿಡಿದರೆ ಮೀನಖಂಡದ ಬಿಗಿತ ಬಿಡುತ್ತದೆ.

ಚಲನೆಯ ಹಿಂದೆಯೇ ಬಲ. ಪಾದದ ಹೊರ ಅಂಚನ್ನು ಗೋಡೆಗೆ ಒತ್ತಿ, ಪಾದ ಕದಲದಂತೆ ಐದು ಸೆಕೆಂಡ್ ಒತ್ತಡ ಹಾಕುವುದು ಆರಂಭ. ಅದು ಸಲೀಸಾದ ಮೇಲೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಮಂಚದ ಕಾಲಿಗೆ ಕಟ್ಟಿ, ಪಾದಕ್ಕೆ ಸಿಕ್ಕಿಸಿ ನಾಲ್ಕೂ ದಿಕ್ಕಿಗೆ ಎಳೆಯಬಹುದು. ಹೊರಮುಖವಾಗಿ ಎಳೆಯುವ ಸ್ನಾಯುಗಳಿಗೆ ಹೆಚ್ಚು ಗಮನ ಕೊಡಬೇಕು, ಏಕೆಂದರೆ ಪಾದ ಒಳಕ್ಕೆ ಮಗುಚುವಾಗ ತಡೆದು ನಿಲ್ಲಿಸುವವು ಅವೇ. ನಂತರ ಅಡುಗೆಮನೆಯ ಕಟ್ಟೆ ಹಿಡಿದು ಎರಡೂ ಹಿಮ್ಮಡಿ ಎತ್ತಿ ಇಳಿಸುವುದು, ಕೆಲವು ವಾರಗಳ ಬಳಿಕ ನೊಂದ ಕಾಲೊಂದರ ಮೇಲೇ. ವ್ಯಾಯಾಮದ ಹೊತ್ತಿನಲ್ಲಿ ಸ್ವಲ್ಪ ನೋವಾದರೆ ಹೆದರಬೇಕಿಲ್ಲ. ಮರುದಿನ ಬೆಳಗ್ಗೆಗೂ ನೋವು ಉಳಿದರೆ ಅಥವಾ ಊತ ಹೆಚ್ಚಿದರೆ ಹಿಂದಿನ ದಿನ ಮಾಡಿದ್ದು ಅತಿಯಾಯಿತೆಂದು ತಿಳಿದು ಒಂದು ಹೆಜ್ಜೆ ಹಿಂದೆ ಸರಿಯಬೇಕು.

ಹೆಚ್ಚಿನವರು ಕೈಬಿಡುವುದು ಮೂರನೆಯದನ್ನು, ಸಮತೋಲವನ್ನು. ಕಣ್ಣು ಮುಚ್ಚಿದರೂ ಪಾದ ಎತ್ತ ವಾಲಿದೆ ಎಂಬುದು ನಮಗೆ ತಿಳಿಯುತ್ತದಲ್ಲವೇ? ಆ ಸುದ್ದಿಯನ್ನು ಮಿದುಳಿಗೆ ಕಳಿಸುವ ನರತುದಿಗಳಲ್ಲಿ ಅನೇಕವು ಲಿಗಮೆಂಟಿನೊಳಗೇ ಇವೆ. ಪಟ್ಟಿ ಹರಿದಾಗ ಅವಕ್ಕೂ ಪೆಟ್ಟಾಗುತ್ತದೆ. ಸುದ್ದಿ ತಡವಾಗಿ ತಲುಪುತ್ತದೆ. ಸ್ನಾಯು ಎಚ್ಚೆತ್ತುಕೊಳ್ಳುವ ಮುನ್ನವೇ ಪಾದ ಮಗುಚಿರುತ್ತದೆ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದಕ್ಕೆ ಇದನ್ನೊಂದು ಕಾರಣವಾಗಿ 1965ರಲ್ಲೇ ಬ್ರಿಟಿಷ್ ಶಸ್ತ್ರವೈದ್ಯ ಮೈಕೆಲ್ ಫ್ರೀಮನ್ ಮುಂದಿಟ್ಟಿದ್ದರು. ಸಮತೋಲದ ಅಭ್ಯಾಸದಿಂದ ಮರು ಉಳುಕು ಕಡಿಮೆಯಾಗುವುದನ್ನು ಆಮೇಲಿನ ಅಧ್ಯಯನಗಳು ತೋರಿಸಿವೆ. ಅಭ್ಯಾಸಕ್ಕೆ ಕಾಸಿನ ಖರ್ಚಿಲ್ಲ. ಗೋಡೆಯ ಪಕ್ಕದಲ್ಲಿ ನೊಂದ ಕಾಲೊಂದರ ಮೇಲೆ 30 ಸೆಕೆಂಡ್ ನಿಲ್ಲುವುದು. ಅದು ಸುಲಭವಾದರೆ ಕಣ್ಣು ಮುಚ್ಚಿ. ಅದೂ ಸುಲಭವಾದರೆ ಮಡಚಿದ ಕಂಬಳಿಯ ಮೇಲೆ. ಹಲ್ಲುಜ್ಜುವಾಗ, ಹಾಲು ಉಕ್ಕುವುದನ್ನು ಕಾಯುವಾಗ ಮಾಡಿದರೂ ಸಾಕು. ವಯಸ್ಸಾದವರು ಕಣ್ಣು ಮುಚ್ಚುವ ಅಭ್ಯಾಸಕ್ಕೆ ಹೋಗದೆ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಮಾಡಬೇಕು.

ಸಂಧಿವಾತ, ಗೌಟ್ ಇರುವವರಿಗೆ ಕ್ರಮ ಸ್ವಲ್ಪ ಬೇರೆ. ಕೀಲು ಕಾದಿರುವ ದಿನಗಳಲ್ಲಿ ಬಲದ ವ್ಯಾಯಾಮ ನಿಲ್ಲಿಸಿ, ನೋವಿಲ್ಲದಷ್ಟು ಮಾತ್ರ ಆಡಿಸಬೇಕು. ಅವರಿಗೆ ಕಾಯಿಲೆಯ ಮೂಲಕ್ಕೆ ಔಷಧಿ ಬೇಕೇ ಬೇಕು. ವ್ಯಾಯಾಮ ಅದರ ಬದಲಿಯಾಗದು.

ನೆಲದ ಮೇಲಿನ ಬದುಕು

ಹೊರ ದೇಶಗಳಲ್ಲಿ ಸಿದ್ಧವಾದ ಸಲಹೆಪಟ್ಟಿಗಳಲ್ಲಿ ಕಾಣದ ಒಂದು ಸಂಗತಿ ನಮ್ಮ ಮನೆಗಳಲ್ಲಿದೆ. ಚಕ್ಕಳಮಕ್ಕಳ ಹಾಕಿ ಕುಳಿತಾಗ ಪಾದ ಕೆಳಮುಖವಾಗಿ ಒಳಕ್ಕೆ ಮಗುಚಿ, ಹೊರಗಿಣ್ಣು ನೆಲಕ್ಕೆ ಒತ್ತುತ್ತದೆ. ಅಂದರೆ ಯಾವ ಭಂಗಿಯಲ್ಲಿ ಲಿಗಮೆಂಟ್ ಹರಿದಿತ್ತೋ ಅದೇ ಭಂಗಿ. ಆದ್ದರಿಂದ ಮೊದಲ ಕೆಲವು ವಾರ ಊಟಕ್ಕೂ ಪೂಜೆಗೂ ಕುರ್ಚಿಯಲ್ಲಿ ಕೂರುವುದು, ಇಲ್ಲವೇ ಕಾಲು ನೀಡಿ ಕೂರುವುದು ಒಳ್ಳೆಯದು. ಕುಕ್ಕರಗಾಲಿನಲ್ಲಿ ಕೂರಲು ಹರಡು ಪೂರ್ತಿ ಮೇಲಕ್ಕೆ ಬಾಗಬೇಕು. ಅದು ಮರಳುವ ತನಕ ಕಮೋಡ್ ಅಥವಾ ಕಮೋಡ್ ಕುರ್ಚಿ ಬಳಸಬಹುದು. ಗೇರ್ ಇರುವ ಬೈಕಿನಲ್ಲಿ ಎಡಗಾಲು ಗೇರಿಗೆ, ಬಲಗಾಲು ಬ್ರೇಕಿಗೆ ದುಡಿಯುತ್ತದೆ. ತಟ್ಟನೆ ಒತ್ತಲು ನೋವಾಗುವ ಕಾಲಿನೊಂದಿಗೆ ರಸ್ತೆಗಿಳಿಯಬಾರದು. ಮೆತ್ತಗೆ ಸವೆದ ಹವಾಯಿ ಚಪ್ಪಲಿಯ ಬದಲು ಹಿಂದೆ ಪಟ್ಟಿ ಇರುವ ಚಪ್ಪಲಿಯನ್ನೋ ಶೂವನ್ನೋ ಹಾಕಿಕೊಂಡರೆ ಹಿಮ್ಮಡಿ ಪಕ್ಕಕ್ಕೆ ಜಾರುವುದು ತಪ್ಪುತ್ತದೆ.

ಮತ್ತೆ ಮೆಟ್ಟಿಲಿಗೆ ಯಾವಾಗ?

ಇದಕ್ಕೆ ಕ್ಯಾಲೆಂಡರ್ ನೋಡುವುದಕ್ಕಿಂತ ಎರಡು ಕಾಲನ್ನೂ ಹೋಲಿಸಿ ನೋಡುವುದು ಸರಿ. ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ನೆಲ ಬಿಡದಂತೆ ಮಂಡಿಯನ್ನು ಗೋಡೆಗೆ ತಾಗಿಸಿ, ಹೆಬ್ಬೆರಳು ಗೋಡೆಯಿಂದ ಎಷ್ಟು ದೂರದವರೆಗೆ ಹೋಗುತ್ತದೆಂದು ಅಳೆಯಿರಿ. ಒಂಟಿ ಕಾಲಿನಲ್ಲಿ ಎಷ್ಟು ಸಲ ಹಿಮ್ಮಡಿ ಎತ್ತಬಹುದು, ಎಷ್ಟು ಹೊತ್ತು ಅಲುಗದೆ ನಿಲ್ಲಬಹುದು ಎಂಬುದನ್ನೂ ಎರಡೂ ಕಡೆ ಎಣಿಸಿ. ನೊಂದ ಕಾಲು ಇನ್ನೊಂದಕ್ಕೆ ಹೆಚ್ಚುಕಮ್ಮಿ ಸಮವಾಗುವ ತನಕ ಕುಕ್ಕರಹಳ್ಳಿ ಕೆರೆಯ ಏರಿಯಂಥ ಸಮತಟ್ಟು ದಾರಿಯಲ್ಲಿ ನಡೆಯುವುದೇ ಸಾಕು. ಸಮವಾದ ಮೇಲೂ ಬೆಟ್ಟಕ್ಕೆ ಮೊದಲ ಸಲ ಹೋಗುವಾಗ ಮೆಟ್ಟಿಲು ಹತ್ತಿ, ದೇವಿಯ ದರ್ಶನ ಮಾಡಿ, ಕೆಳಕ್ಕೆ ಬರಲು ಸಿಟಿ ಬಸ್ಸು ಹಿಡಿಯಿರಿ. ಇಳಿಯುವ ಮೆಟ್ಟಿಲನ್ನು ಮನೆಯ ಹತ್ತು ಮೆಟ್ಟಿಲಿನಿಂದ ಆರಂಭಿಸಿ, ಮರುದಿನ ಬೆಳಗ್ಗೆ ಹರಡನ್ನು ಮುಟ್ಟಿ ನೋಡಿ, ಕಾವು ಊತ ಇಲ್ಲದಿದ್ದರೆ ಮಾತ್ರ ಇನ್ನು ಹತ್ತು ಸೇರಿಸಿಕೊಳ್ಳಬಹುದು.